ಸುವೊನ್‌ನಲ್ಲಿ ‘ಕನ್ನಡ ಗೈಡ್‌’ಗೆ ದುಡ್ಡು ಕಳಿಸುವ ಮುಂಚೆ ಇದನ್ನು ಓದಿ

ದಯವಿಟ್ಟು ಪೂರ್ತಿ ಓದಿ. ಕೊರಿಯಾಕ್ಕೆ ಹೊರಟವರು, ಅದರಲ್ಲೂ ಗಂಡನದೋ ಹೆಂಡತಿಯದೋ ಆಫೀಸ್‌ ಕೆಲಸಕ್ಕೆ ಜೊತೆಯಾಗಿ ಸುವೊನ್‌ಗೆ ಹೋಗುವವರು ಖಂಡಿತ ಓದಿ. ಸ್ಯಾಮ್‌ಸಂಗ್‌ ಎಲೆಕ್ಟ್ರಾನಿಕ್ಸ್‌ ಮುಖ್ಯ ಕಚೇರಿ ಇರುವ ಊರು ಅದು. ಬೆಂಗಳೂರಿನಿಂದ ಹೋಗಿ ಬರುವವರು ಇದ್ದೇ ಇರುತ್ತಾರೆ. ಅಂಥ ಮನೆಯವರನ್ನೇ ಹುಡುಕಿ ಒಬ್ಬ ದುಡ್ಡು ಕೀಳುತ್ತಿದ್ದಾನೆ. ನಮ್ಮದು 24,000 ರೂಪಾಯಿ ಹೋಯಿತು. ದುಡ್ಡು ಹೋದದ್ದು ಒಂದು ಕಡೆ, ಅತ್ತೆಯ ಮುಂದೆ ಆದ ಅವಮಾನ ಇವತ್ತಿಗೂ ಹೊಟ್ಟೆ ಉರಿಸುತ್ತಿದೆ.

ಯಜಮಾನರಿಗೆ ಎರಡು ತಿಂಗಳ ಕೆಲಸ. ನಾನು, ನಮ್ಮತ್ತೆ, ಎಂಟು ವರ್ಷದ ಮಗ ಮೂರು ವಾರಕ್ಕೆ ಅಂತ ಹೋದೆವು. ಹಗಲೆಲ್ಲ ನಾವು ಮೂರೇ ಜನ. ಭಾಷೆ ಬರುವುದಿಲ್ಲ, ಗೂಗಲ್‌ ಮ್ಯಾಪ್‌ ಅಲ್ಲಿ ನಡೆಯುವ ದಾರಿಯನ್ನೇ ತೋರಿಸುತ್ತಿರಲಿಲ್ಲ. ಆಗ ಒಂದು ವಾಟ್ಸಾಪ್‌ ಗ್ರೂಪಿನಲ್ಲಿ ಪಿಡಿಎಫ್‌ ಬಂತು. ‘ಸುವೊನ್‌ ವಿಚಿತ್ರ ತಾಣಗಳು ಮತ್ತು ಕೆಫೆ ಸುತ್ತಾಟ, ಒಂದು ದಿನ, ಕನ್ನಡದಲ್ಲೇ ವಿವರಣೆ.’ ಕಮೋಡ್‌ ಆಕಾರದ ಮ್ಯೂಸಿಯಂ, ಕೋಟೆ, ಬಿಲ್ಲು ಬಾಣ, ರಕೂನ್‌ ಅನ್ನುವ ಕಾಡುಪ್ರಾಣಿಗಳ ಜೊತೆ ಕೂರುವ ಕೆಫೆ, ಪಕ್ಕಾ ವೆಜ್‌ ಊಟ. ಮೊದಲನೇ ಪುಟದಲ್ಲಿ ಒಂದು ಮಗುವಿನ ತೊಡೆ ಮೇಲೆ ಕೂತ ರಕೂನ್‌ ಫೋಟೋ. ನನ್ನ ಮಗ ಅದನ್ನು ನೋಡಿದವನು ಎರಡು ದಿನ ಬೇರೆ ಮಾತೇ ಆಡಲಿಲ್ಲ.

ಫೋನ್‌ ಮಾಡಿದೆ. ‘ಅಕ್ಕ, ನೀವು ಯಾವ ಊರು?’ ಅಂತ ಶುರು ಮಾಡಿದ. ಹಾಸನ ಅಂದೆ. ‘ಅಯ್ಯೋ, ನಮ್ಮಮ್ಮನ ತೌರೂರು ಅರಸೀಕೆರೆ ಅಕ್ಕ’ ಅಂದ. ಅಷ್ಟೇ, ನಾನು ಕರಗಿಹೋದೆ. ಮೂರು ಜನಕ್ಕೆ 24,000, ಎಲ್ಲ ಸೇರಿ. ಎಂಟ್ರಿ ಟಿಕೆಟ್‌, ಕಾರು, ಕೆಫೆ ಬಿಲ್ಲು, ಊಟ, ಎಲ್ಲ ಸೇರಿ. ಈ ‘ಎಲ್ಲ ಸೇರಿ’ ಅನ್ನುವುದನ್ನು ನಾನು ಮೂರು ಸಲ ಕೇಳಿದೆ, ಮೂರು ಸಲವೂ ‘ಎಲ್ಲ ಸೇರಿ ಅಕ್ಕ’ ಅಂದ. ಬುಕಿಂಗ್‌ಗೆ ಸ್ವಲ್ಪ ಕೊಟ್ಟು ಉಳಿದದ್ದು ಆಮೇಲೆ ಕೊಡುವುದು ಎಲ್ಲ ಕಡೆ ನಡೆಯುವ ಪದ್ಧತಿ ತಾನೇ? ಇವನು ಪೂರ್ತಿ ಮುಂಚೆಯೇ ಬೇಕು, ಟಿಕೆಟ್‌ ಬ್ಲಾಕ್‌ ಮಾಡಬೇಕು ಅಂದ. ‘ನಮ್ಮೋರಿಗೇ ಮೋಸ ಮಾಡ್ತೀನಾ ಅಕ್ಕ?’ ಯುಪಿಐ ಮಾಡಿದೆ.

ಬೆಳಿಗ್ಗೆ ಕಾರು ಬರಲಿಲ್ಲ. ಅವನು ನಡೆದುಕೊಂಡು ಬಂದ. ಟ್ರಾಫಿಕ್‌ ಜಾಸ್ತಿ, ಬಸ್ಸೇ ಬೇಗ ಅಂತ ಸಿಟಿ ಬಸ್‌ ಹತ್ತಿಸಿದ. ನಮ್ಮ ಟಿ-ಮನಿ ಅನ್ನುವ ಬಸ್‌ ಕಾರ್ಡಿನಿಂದಲೇ ದುಡ್ಡು ಹೋಯಿತು. ಹೋಗಲಿ ಬಿಡು ಅಂದುಕೊಂಡೆ. ಅಲ್ಲೇ ಇಳಿದು ವಾಪಸ್‌ ಬರಬೇಕಿತ್ತು.

ಮೊದಲು ಹೋದದ್ದು ಹೆವೂಜೆ. ಕಮೋಡ್‌ ಆಕಾರದ ಬಿಳಿ ಮನೆ, ಜಾಗ ನಿಜಕ್ಕೂ ಚೆನ್ನಾಗಿದೆ, ಅದರ ಮೇಲೆ ನನಗೆ ಯಾವ ಬೇಜಾರೂ ಇಲ್ಲ. ಸುವೊನ್‌ನ ಮೇಯರ್‌ ಆಗಿದ್ದ ಸಿಮ್‌ ಜೆ-ದಕ್‌ ಅನ್ನುವವರು ತಮ್ಮ ಹಳೇ ಮನೆ ಕೆಡವಿ 2007ರಲ್ಲಿ ಹೀಗೆ ಕಟ್ಟಿಸಿಕೊಂಡು ವಾಸವಾಗಿದ್ದರಂತೆ. ಊರಿನ ಸಾರ್ವಜನಿಕ ಶೌಚಾಲಯಗಳನ್ನು ಸುಧಾರಿಸಲು ಓಡಾಡಿದವರು. 2009ರಲ್ಲಿ ತೀರಿಕೊಂಡ ಮೇಲೆ ಮನೆಯವರು ಅದನ್ನು ನಗರಕ್ಕೇ ಕೊಟ್ಟರು. ಹೊರಗೆ ತೋಟದಲ್ಲಿ ಕುಕ್ಕುರುಗಾಲಲ್ಲಿ ಕೂತವರ ವಿಗ್ರಹಗಳು, ಹಳೇ ಕಾಲದ ಕಕ್ಕಸುಗಳ ಮಾದರಿಗಳು. ಮಗ ಬಿದ್ದು ಬಿದ್ದು ನಕ್ಕ. ಇದೆಲ್ಲ ನಾನು ಅಲ್ಲಿನ ಫಲಕ ಓದಿ ತಿಳಿದುಕೊಂಡದ್ದು. ಗೈಡ್‌ ಹೊರಗೆ ಬೆಂಚಿನ ಮೇಲೆ ಫೋನ್‌ ನೋಡುತ್ತಾ ಕೂತಿದ್ದ.

ಒಳಗೆ ಹೋಗುವಾಗ ನನಗೆ ಟಿಕೆಟ್‌ ಕೌಂಟರೇ ಕಾಣಲಿಲ್ಲ. ಪಿಡಿಎಫ್‌ನಲ್ಲಿ ‘ಮ್ಯೂಸಿಯಂ ವಿಶೇಷ ಟಿಕೆಟ್‌ ಸೇರಿದೆ’ ಅಂತ ಇತ್ತಲ್ಲ, ಅದನ್ನು ಯಾರಿಗೆ ತೋರಿಸುವುದು ಅಂತ ಅಲ್ಲಿದ್ದ ವಯಸ್ಸಾದ ಹೆಂಗಸನ್ನು ‘ಟಿಕೆಟ್‌?’ ಅಂತ ಕೇಳಿದೆ. ಆಕೆ ನಗುತ್ತಾ ಎರಡೂ ಕೈ ಆಡಿಸಿ ‘ಮುರ್ಯೊ, ಮುರ್ಯೊ’ ಅಂದರು. ಅರ್ಥವಾಗಲಿಲ್ಲ. ಪಪಾಗೊ ಅನ್ನುವ ಅನುವಾದದ ಆ್ಯಪ್‌ ತೆಗೆದು ಅವರ ಮುಂದೆ ಹಿಡಿದೆ, ಅವರು ಮತ್ತೊಂದು ಸಲ ನಿಧಾನವಾಗಿ ಹೇಳಿದರು. ತೆರೆಯ ಮೇಲೆ ಬಂತು: ಉಚಿತ. ಎಲ್ಲರಿಗೂ ಉಚಿತ.

ಆ ಕ್ಷಣ ನನಗೆ ಕಿವಿ ಬಿಸಿಯಾಯಿತು. ಅತ್ತೆ ಪಕ್ಕದಲ್ಲೇ ನಿಂತಿದ್ದರು. ‘ಏನಂತೆ?’ ಅಂದರು. ಹೇಳಲು ಬಾಯಿ ಬರಲಿಲ್ಲ. ಊರಿನಲ್ಲಿ ಸೊಪ್ಪಿನವಳ ಹತ್ತಿರ ಎರಡು ರೂಪಾಯಿಗೆ ಚೌಕಾಸಿ ಮಾಡುವ ಹೆಂಗಸು, ಅವರ ಮಗನ ದುಡ್ಡನ್ನು ನಾನು ಹೀಗೆ ಕಳೆದಿದ್ದೇನೆ ಅಂತ ಹೇಗೆ ಹೇಳುವುದು?

ಹೊರಗೆ ಬಂದು ಕೇಳಿದೆ. ‘ಇಲ್ಲಿ ಎಂಟ್ರಿ ಫ್ರೀ ಅಂತೆ. ನೀವು ಟಿಕೆಟ್‌ ಅಂತ ಬರೆದಿದ್ದೀರಲ್ಲ?’

‘ಅದು ಅರೇಂಜ್‌ಮೆಂಟ್‌ ಚಾರ್ಜ್‌ ಮೇಡಂ.’

ಗಮನಿಸಿ. ಅಲ್ಲಿವರೆಗೆ ಅಕ್ಕ, ಅಕ್ಕ. ಲೆಕ್ಕ ಕೇಳಿದ ಕೂಡಲೇ ಮೇಡಂ. ಸಂಜೆವರೆಗೂ ಮತ್ತೆ ಅಕ್ಕ ಅನ್ನಲಿಲ್ಲ.

ಊಟಕ್ಕೆ ಬಿಬಿಂಬಾಪ್‌ ಅಂಗಡಿ, ಅನ್ನದ ಮೇಲೆ ತರಕಾರಿ ಹಾಕಿ ಕಲಸಿ ತಿನ್ನುವ ಊಟ ಅದು. ಮಾಂಸ, ಮೊಟ್ಟೆ ತೆಗೆಸಿದ, ಸರಿ. ಪಕ್ಕದಲ್ಲಿ ಕಿಮ್ಚಿ ಇಟ್ಟರು. ಅತ್ತೆ ಮುಟ್ಟಲು ಹಿಂಜರಿದರು. ‘ಎಲೆಕೋಸು ಅಮ್ಮ, ಉಪ್ಪಿನಕಾಯಿ ಇದ್ದಂಗೆ, ತಿನ್ನಿ’ ಅಂದ. ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟದವರು ಇವನ ಮಾತು ನಂಬಿ ಎರಡು ತುತ್ತು ತಿಂದರು. ಸಂಜೆ ನಮ್ಮ ಬಿಲ್ಡಿಂಗಿನ ಹುಡುಗಿ ಹೇಳಿದಳು, ಕಿಮ್ಚಿಗೆ ಸಾಮಾನ್ಯವಾಗಿ ಮೀನಿನ ಸಾಸ್‌ ಅಥವಾ ಉಪ್ಪು ಹಾಕಿದ ಸಣ್ಣ ಸೀಗಡಿ ಬೀಳುತ್ತದೆ, ಅದಿಲ್ಲದ್ದು ಬೇಕಿದ್ದರೆ ಹುಡುಕಬೇಕು ಅಂತ. ಅತ್ತೆಗೆ ನಾನು ಇವತ್ತಿನವರೆಗೂ ಹೇಳಿಲ್ಲ. ಅವರು ಇದನ್ನು ಓದುವುದಿಲ್ಲ ಅನ್ನುವ ಧೈರ್ಯದಿಂದ ಬರೆಯುತ್ತಿದ್ದೇನೆ. 24,000 ಮರೆತೇನು, ಇದನ್ನು ಮಾತ್ರ ಕ್ಷಮಿಸಲಾರೆ. ಅಲ್ಲಿ ವರ್ಷಗಟ್ಟಲೆ ಇರುವ ಮನುಷ್ಯನಿಗೆ ಕಿಮ್ಚಿಯಲ್ಲಿ ಏನಿರುತ್ತದೆ ಅಂತ ಗೊತ್ತಿರುವುದಿಲ್ಲವೇ?

ಆಮೇಲೆ ಹ್ವಾಸೊಂಗ್‌ ಕೋಟೆ. ಅತ್ತೆ ಕೇಳಿದರು, ‘ಯಾರಪ್ಪಾ ಕಟ್ಟಿಸಿದ್ದು?’ ಅವನು ಹೇಳಿದ್ದು, ‘ಯಾವುದೋ ಹಳೇ ರಾಜಂದು ಅಮ್ಮ, ಅಲ್ಲಿ ನಿಂತ್ಕೊಳ್ಳಿ, ಫೋಟೋ ಚೆನ್ನಾಗಿ ಬರುತ್ತೆ.’ ಕನ್ನಡದಲ್ಲಿ ವಿವರಣೆ ಅಂದರೆ ಇದು! ಚೊಂಗ್ಜೊ ಅನ್ನುವ ದೊರೆ, 1794ರಿಂದ 1796ರ ಒಳಗೆ ಕಟ್ಟಿಸಿದ್ದು, 1997ರಿಂದ ವಿಶ್ವ ಪರಂಪರೆಯ ತಾಣ. ಅವನ ಅಪ್ಪ ಸಾದೊ ಯುವರಾಜನನ್ನು ಸ್ವಂತ ತಂದೆಯೇ ಅಕ್ಕಿ ಪೆಟ್ಟಿಗೆಯಲ್ಲಿ ಕೂಡಿಹಾಕಿ ಸಾಯಿಸಿದ, 1762ರಲ್ಲಿ. ಆ ಅಪ್ಪನ ಸಮಾಧಿಯನ್ನು ಈ ಕಡೆಗೆ ತಂದು, ಊರನ್ನೂ ಕೋಟೆಯನ್ನೂ ಕಟ್ಟಿಸಿದ ಮಗ. ರಾತ್ರಿ ನಾನೇ ಓದಿ ಅತ್ತೆಗೆ ಹೇಳಿದಾಗ ಅವರ ಕಣ್ಣು ತುಂಬಿತು. ಇದನ್ನು ಆ ಗೋಡೆಯ ಮುಂದೆ ನಿಂತಾಗ ಕೇಳಬೇಕಿತ್ತು ಅವರು. ಬಿಲ್ಲು ಬಾಣಕ್ಕೆ ಹತ್ತು ಬಾಣಕ್ಕೆ ಅಲ್ಲಿನ ದುಡ್ಡಲ್ಲಿ 2,000 ವೋನ್‌, ಅದನ್ನೂ ನನ್ನ ಕೈಯಿಂದಲೇ ಕೊಡಿಸಿದ. ‘ಆ್ಯಕ್ಟಿವಿಟಿ ಬೇರೆ ಮೇಡಂ.’

ಕೊನೆಗೆ ಹೇಂಗುಂಗ್‌ ಅರಮನೆ ಹತ್ತಿರದ ಕೆಫೆ ಬೀದಿ. ಮಗ ಬೆಳಗಿನಿಂದ ‘ರಕೂನ್‌ ಯಾವಾಗ’ ಅಂತ ಕೇಳುತ್ತಲೇ ಇದ್ದ. ಕರೆದುಕೊಂಡು ಹೋದದ್ದು ಬೆಕ್ಕಿನ ಕೆಫೆಗೆ. ರಕೂನ್‌ ಎಲ್ಲಿ ಅಂದರೆ, ‘ರೂಲ್ಸ್‌ ಚೇಂಜ್‌ ಆಗಿದೆ ಮೇಡಂ, ನನ್ನ ಕೈಲಿಲ್ಲ.’ ರೂಲ್ಸ್‌ ಬದಲಾದದ್ದು 2023ರ ಡಿಸೆಂಬರ್‌ನಲ್ಲಿ! ಮೃಗಾಲಯ ಅಂತ ನೋಂದಣಿ ಆಗದ ಕಡೆ ಕಾಡುಪ್ರಾಣಿ ಪ್ರದರ್ಶನ ನಿಷೇಧ. ಮುಂಚಿನಿಂದ ಇದ್ದು ಹೆಸರು ಬರೆಸಿದ ಕೆಫೆಗಳಿಗೆ 2027ರವರೆಗೆ ಅವಕಾಶ ಉಂಟು, ಆದರೆ ಮುಟ್ಟಿಸುವ ಹಾಗಿಲ್ಲ, ತಿನ್ನಿಸುವ ಹಾಗಿಲ್ಲ. ಅಂದರೆ ಆ ತೊಡೆ ಮೇಲಿನ ಫೋಟೋ ಕೊಟ್ಟ ಮಾತು ಯಾವತ್ತೂ ನಡೆಯುವಂಥದ್ದಾಗಿರಲಿಲ್ಲ. ಕಾನೂನು ಒಳ್ಳೆಯದೇ. ಆ ಪ್ರಾಣಿಗಳ ಪಾಡು ಓದಿದ ಮೇಲೆ ನನಗೂ ಹಾಗೇ ಅನ್ನಿಸಿತು. ಆದರೆ ಮಗುವಿಗೆ ಆಸೆ ಹುಟ್ಟಿಸಿ ದುಡ್ಡು ಇಸಿದುಕೊಂಡೆಯಲ್ಲ, ಅದು?

ಮಗ ಶೂ ಬಿಚ್ಚುವ ಜಾಗದಲ್ಲೇ ಕೂತು ಅತ್ತ. ಜೋರಾಗಿ ಅಲ್ಲ, ತಲೆ ಬಗ್ಗಿಸಿಕೊಂಡು. ಶೂ ಲೇಸನ್ನು ಬಿಚ್ಚುವುದು, ಕಟ್ಟುವುದು, ಮತ್ತೆ ಬಿಚ್ಚುವುದು.

ಆ ಕೌಂಟರಿನಲ್ಲೂ ತಲೆಗಿಷ್ಟು ಅಂತ ನಾನೇ ಕೊಟ್ಟೆ. ‘ಕೆಫೆ ಬಿಲ್ಲು ಸೇರಿದೆ ಅಂದಿದ್ದಿರಲ್ಲ?’ ‘ಬಿಲ್ಲು ಸೇರಿದೆ ಮೇಡಂ, ಇದು ಎಂಟ್ರಿ.’ ಮ್ಯೂಸಿಯಂನಲ್ಲಿ ಇಲ್ಲದ ಎಂಟ್ರಿಗೆ ದುಡ್ಡು ತಗೊಂಡವನು ಇಲ್ಲಿ ಇರುವ ಎಂಟ್ರಿ ಬೇರೆ ಅಂತಾನೆ! ನನಗೆ ಅಲ್ಲಿ ಕೂಗಾಡಲು ಆಗಲಿಲ್ಲ. ಎಲ್ಲರೂ ಮೆಲ್ಲಗೆ ಮಾತಾಡುತ್ತಾ ಕೂತಿದ್ದರು. ಅದು ಅವನಿಗೂ ಗೊತ್ತಿತ್ತು.

ರಾತ್ರಿ ಯಜಮಾನರು ಕೂತು ಲೆಕ್ಕ ಹಾಕಿದರು. ನಾವೇ ಹೋಗಿದ್ದರೆ ಬಸ್ಸು, ಅರಮನೆ ಟಿಕೆಟ್‌, ಬಾಣ, ಕೆಫೆ, ಎಲ್ಲ ಸೇರಿ, ಹೌದು ನಿಜವಾಗಿ ಎಲ್ಲ ಸೇರಿ, ನಾಲ್ಕೈದು ಸಾವಿರ ರೂಪಾಯಿ ದಾಟುತ್ತಿರಲಿಲ್ಲ. ಮೆಸೇಜ್‌ ಮಾಡಿ ಅರ್ಧವಾದರೂ ವಾಪಸ್‌ ಕೇಳಿದೆವು. ಬಂದ ಉತ್ತರಗಳು ಹೀಗಿದ್ದವು. ‘ನನ್ನ ಟೈಮಿಗೆ ಬೆಲೆ ಇಲ್ವಾ ಮೇಡಂ?’ ಆಮೇಲೆ, ‘ಕನ್ನಡದವರೇ ಕನ್ನಡದವರ ಹೊಟ್ಟೆ ಮೇಲೆ ಹೊಡೀತೀರಿ.’ ನಿಮ್ಮ ಗೈಡ್‌ ಸರ್ಟಿಫಿಕೇಟ್‌ ಕಳಿಸಿ ಅಂದೆ. ವಿದೇಶಿ ಪ್ರವಾಸಿಗರಿಗೆ ಗೈಡ್‌ ಆಗಬೇಕಾದರೆ ಅಲ್ಲಿ ಪರೀಕ್ಷೆ ಪಾಸಾಗಿ ಸರ್ಟಿಫಿಕೇಟ್‌ ಪಡೆದಿರಬೇಕು, ಕೆಲಸ ಮಾಡುವಾಗ ಅದರ ಕಾರ್ಡ್‌ ಕಾಣುವ ಹಾಗೆ ಹಾಕಿಕೊಂಡಿರಬೇಕು. ಇವನ ಕೊರಳಲ್ಲಿ ಇದ್ದದ್ದು ಇಯರ್‌ಫೋನ್‌ ಮಾತ್ರ. ಆ ಮೆಸೇಜಿಗೆ ಎರಡು ನೀಲಿ ಟಿಕ್‌ ಬಂತು, 3,000 ರೂಪಾಯಿ ವಾಪಸ್‌ ಬಂತು, ನಂಬರ್‌ ಬ್ಲಾಕ್‌ ಆಯಿತು.

ಹೋಗುವವರಿಗೆ ನನಗೆ ತಿಳಿದಷ್ಟು ಹೇಳುತ್ತೇನೆ. ‘ಎಲ್ಲ ಸೇರಿ’ ಅಂದವರ ಹತ್ತಿರ ಒಂದೊಂದು ಜಾಗಕ್ಕೂ ಎಷ್ಟು ಅಂತ ಬರೆಸಿಕೊಳ್ಳಿ, ಕಾರ್ಡ್‌ ತೋರಿಸದವರಿಗೆ ಒಂದು ರೂಪಾಯಿ ಕಳಿಸಬೇಡಿ. ಕೊರಿಯಾದವರದೇ ಆದ ನೇವರ್‌ ಮ್ಯಾಪ್‌ ಆ್ಯಪ್‌ ಹಾಕಿಕೊಂಡರೆ ಬಸ್ಸಿನ ನಂಬರ್‌ ಸಮೇತ ದಾರಿ ಸಿಗುತ್ತದೆ. ಹೆವೂಜೆಗೆ ಸೋಮವಾರ ರಜೆ. ಏನಾದರೂ ಗೊಂದಲವಾದರೆ 1330ಕ್ಕೆ ಫೋನ್‌ ಮಾಡಿ, ಪ್ರವಾಸಿಗರ ಸಹಾಯವಾಣಿ ಅದು, ಇಂಗ್ಲಿಷಿನಲ್ಲೇ ಮಾತಾಡುತ್ತಾರೆ. ನನಗೆ ಈ ನಂಬರ್‌ ಗೊತ್ತಾದದ್ದು ಎಲ್ಲ ಮುಗಿದ ಮೇಲೆ.

ಹೋದ ವಾರ ಅದೇ ಪಿಡಿಎಫ್‌ ಇನ್ನೊಂದು ಗ್ರೂಪಿನಲ್ಲಿ ನೋಡಿದೆ. ಅದೇ ರಕೂನ್‌ ಫೋಟೋ, ರೇಟು ಮಾತ್ರ ಮೂರು ಜನಕ್ಕೆ 27,000 ಆಗಿದೆ. ನಿಮಗೂ ಬಂದಿದ್ದರೆ ದುಡ್ಡು ಕಳಿಸುವ ಮುಂಚೆ ನನಗೊಂದು ಮೆಸೇಜ್‌ ಹಾಕಿ. ಸ್ಕ್ರೀನ್‌ಶಾಟ್‌ ಎಲ್ಲ ಇಟ್ಟುಕೊಂಡಿದ್ದೇನೆ.