ಎಸ್‌ಎಂಪಿಎಸ್ ಟೆಸ್ಟರ್: ಚಾಲೂ ಆಗದ ಹಳೆಯ ಡೆಸ್ಕ್‌ಟಾಪಿಗೆ ಮೊದಲ ಪರೀಕ್ಷೆ

ಗುಂಡಿ ಒತ್ತಿದರೂ ಫ್ಯಾನ್ ತಿರುಗದ, ದೀಪ ಹತ್ತದ ಹಳೆಯ ಡೆಸ್ಕ್‌ಟಾಪನ್ನು ರಿಪೇರಿಗೆ ಒಯ್ದರೆ ಸಾಮಾನ್ಯವಾಗಿ ಸಿಗುವುದು ಎರಡರಲ್ಲಿ ಒಂದು ಉತ್ತರ: ಗೋಡೆಯ ವಿದ್ಯುತ್ತನ್ನು ಕಂಪ್ಯೂಟರಿಗೆ ಬೇಕಾದ ಕಡಿಮೆ ವೋಲ್ಟೇಜ್‌ಗಳಿಗೆ ಇಳಿಸಿಕೊಡುವ ಎಸ್‌ಎಂಪಿಎಸ್ ಹೋಗಿದೆ, ಇಲ್ಲವೇ ಎಲ್ಲ ಭಾಗಗಳೂ ಬಂದು ಸೇರುವ ಮದರ್‌ಬೋರ್ಡ್ ಹೋಗಿದೆ. ಹೋಗಿರುವುದು ಎಸ್‌ಎಂಪಿಎಸ್ ಆದರೆ ಅದೊಂದನ್ನು ಬದಲಾಯಿಸಿ ಯಂತ್ರವನ್ನು ಅದೇ ದಿನ ಮನೆಗೆ ತರಬಹುದು. ಮದರ್‌ಬೋರ್ಡ್ ಆದರೆ, ಆ ಕಾಲದ ಬೋರ್ಡು ಹೊಸದಾಗಿ ಸಿಗುವುದು ಕಷ್ಟವಾದ ಕಾರಣ ಹೆಚ್ಚಾಗಿ ಪ್ರೊಸೆಸರ್ ಮತ್ತು ರ‍್ಯಾಮ್‌ಗಳನ್ನೂ ಜೊತೆಗೇ ಬದಲಾಯಿಸಬೇಕಾಗುತ್ತದೆ. ಅಂದರೆ ಯಂತ್ರವನ್ನು ಕೈಬಿಟ್ಟಂತೆಯೇ. ಇಷ್ಟು ದೊಡ್ಡ ವ್ಯತ್ಯಾಸವಿರುವ ತೀರ್ಮಾನವನ್ನು ಬರಿಯ ಊಹೆಗೆ ಬಿಡಬಾರದು ಎಂಬ ಕಾರಣಕ್ಕೆ ನಾನು ಎಲ್‌ಸಿಡಿ ಪರದೆಯ ಸಣ್ಣ ಎಸ್‌ಎಂಪಿಎಸ್ ಟೆಸ್ಟರ್ ಒಂದನ್ನು ಕೊಂಡೆ. ಕೆಲವು ಕಾಲ ಬಳಸಿದ ಮೇಲೆ ಅದರ ಬಗ್ಗೆ ಬರೆಯುತ್ತಿದ್ದೇನೆ.

ನಾನು ನೋಡಿಕೊಳ್ಳುವ ಯಂತ್ರಗಳು ಒಂದು ಸಣ್ಣ ಮುದ್ರಣಾಲಯದವು. ಹೆಚ್ಚಿನವು ಕೋರ್ 2 ಡ್ಯುವೋ ಕಾಲದ, ಡಿಡಿಆರ್2 ರ‍್ಯಾಮ್ ಇರುವ ಡೆಸ್ಕ್‌ಟಾಪ್‌ಗಳು. ಇವುಗಳನ್ನು ಇನ್ನೂ ಏಕೆ ಇಟ್ಟುಕೊಂಡಿದ್ದೀರಿ ಎಂದು ಕೇಳುವವರಿಗೆ ಡಿಟಿಪಿ, ಎಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ, ಮಾಡಿದ ಯಾರಾದರೂ ಉತ್ತರ ಹೇಳಬಲ್ಲರು. ನುಡಿ, ಬರಹ, ಶ್ರೀಲಿಪಿಗಳ ಯೂನಿಕೋಡ್‌ಪೂರ್ವ ಅಕ್ಷರಗಳಲ್ಲಿ ಪೇಜ್‌ಮೇಕರ್ ಎಂಬ ಪುಟವಿನ್ಯಾಸದ ತಂತ್ರಾಂಶದಲ್ಲಿ ಕಟ್ಟಿದ ವರ್ಷಗಟ್ಟಲೆಯ ಪುಟಗಳು ಈ ಯಂತ್ರಗಳಲ್ಲಿ ತೆರೆದಷ್ಟು ಸರಿಯಾಗಿ ಬೇರೆಲ್ಲೂ ತೆರೆಯುವುದಿಲ್ಲ. ಕಡತವನ್ನು ಹೊಸ ಯಂತ್ರಕ್ಕೆ ನಕಲು ಮಾಡಿಕೊಳ್ಳಬಹುದು, ಆದರೆ ಪುಟದ ಸಾಲುಗಳು, ಒತ್ತಕ್ಷರಗಳು, ಹೊಂದಿಸಿದ ಅಂತರಗಳು ಹಾಗೆಯೇ ಉಳಿಯುತ್ತವೆಂಬ ಭರವಸೆ ಇಲ್ಲ. ಆದ್ದರಿಂದ ಇಂಥ ಒಂದು ಯಂತ್ರವನ್ನು ಉಳಿಸಿಕೊಳ್ಳುವುದು ಹಳೆಯ ವಸ್ತುವಿನ ಮೇಲಿನ ಮೋಹವಲ್ಲ, ಕೆಲಸದ ಅಗತ್ಯ.

ಟೆಸ್ಟರ್ ಅಂಗೈಯಲ್ಲಿ ಹಿಡಿಯುವಷ್ಟಿದೆ. ಎಸ್‌ಎಂಪಿಎಸ್‌ನಿಂದ ಬರುವ 24 ಪಿನ್‌ನ ದೊಡ್ಡ ಕನೆಕ್ಟರಿಗೆ ಒಂದು ಜಾಗವಿದ್ದು, ಹಳೆಯ 20 ಪಿನ್‌ನ ಕನೆಕ್ಟರ್ ಕೂಡ ಅದರಲ್ಲಿಯೇ ಕೂರುತ್ತದೆ. ಪ್ರೊಸೆಸರಿಗೆ ಹೋಗುವ 4 ಮತ್ತು 8 ಪಿನ್‌ನ ಕನೆಕ್ಟರ್, ಗ್ರಾಫಿಕ್ಸ್ ಕಾರ್ಡಿನ 6 ಪಿನ್, ನಂತರದ ಹಾರ್ಡ್‌ಡಿಸ್ಕಿನ ಸಾಟಾ, ಹಳೆಯ ಹಾರ್ಡ್‌ಡಿಸ್ಕಿನ 4 ಪಿನ್, ಫ್ಲಾಪಿಯ ಕಿರು ಕನೆಕ್ಟರ್ ಇವೆಲ್ಲಕ್ಕೂ ಬದಿಗಳಲ್ಲಿ ಜಾಗವಿದೆ. ಇದಕ್ಕೆ ಬ್ಯಾಟರಿ ಬೇಕಿಲ್ಲ, ಪರೀಕ್ಷಿಸುವ ಎಸ್‌ಎಂಪಿಎಸ್‌ನಿಂದಲೇ ನಡೆಯುತ್ತದೆ. ಆದ್ದರಿಂದ ಪರದೆ ಪೂರ್ತಿ ಖಾಲಿ ಉಳಿದರೆ ಅದೂ ಒಂದು ಉತ್ತರವೇ.

ಈ ಉಪಕರಣದ ಉಪಯೋಗ ತಿಳಿಯಬೇಕಾದರೆ ಎಸ್‌ಎಂಪಿಎಸ್ ಚಾಲೂ ಆಗುವ ಕ್ರಮವನ್ನು ಸ್ವಲ್ಪ ತಿಳಿದಿರಬೇಕು. ಗೋಡೆಯ ಪ್ಲಗ್ಗಿನಲ್ಲಿ ವಿದ್ಯುತ್ ಇರುವಷ್ಟು ಹೊತ್ತೂ, ಕಂಪ್ಯೂಟರ್ ಬಂದ್ ಆಗಿದ್ದರೂ ಸಹ, ನೇರಳೆ ವೈರಿನಲ್ಲಿ 5 ವೋಲ್ಟ್ ಇದ್ದೇ ಇರುತ್ತದೆ. ಇದಕ್ಕೆ ಸ್ಟ್ಯಾಂಡ್‌ಬೈ ಎನ್ನುತ್ತಾರೆ. ಮುಂಭಾಗದ ಗುಂಡಿ ಒತ್ತಿದಾಗ ಬೋರ್ಡು ಈ 5 ವೋಲ್ಟಿನ ಬಲದಿಂದಲೇ ಹಸಿರು ವೈರನ್ನು ಕಪ್ಪು ವೈರಿಗೆ, ಎಂದರೆ ಗ್ರೌಂಡಿಗೆ, ಸೇರಿಸುತ್ತದೆ. ಆಗ ಎಸ್‌ಎಂಪಿಎಸ್ ಎದ್ದು ಹಳದಿ ವೈರಿನಲ್ಲಿ 12, ಕೆಂಪಿನಲ್ಲಿ 5, ಕಿತ್ತಳೆಯಲ್ಲಿ 3.3 ವೋಲ್ಟ್ ಕೊಡುತ್ತದೆ. ಎಲ್ಲವೂ ಸ್ಥಿರವಾದ ಮೇಲೆ ಬೂದು ವೈರಿನಲ್ಲಿ ‘ಪವರ್ ಗುಡ್’ ಸಂಕೇತ ಕಳುಹಿಸುತ್ತದೆ. ಆ ಸಂಕೇತ ಬರುವ ತನಕ ಬೋರ್ಡು ಪ್ರೊಸೆಸರನ್ನು ಕೆಲಸಕ್ಕೆ ಬಿಡುವುದಿಲ್ಲ. ಟೆಸ್ಟರ್ ಮಾಡುವುದಿಷ್ಟೇ: ಬೋರ್ಡಿನ ಬದಲಿಗೆ ತಾನೇ ಹಸಿರು ವೈರನ್ನು ಗ್ರೌಂಡಿಗೆ ಸೇರಿಸುತ್ತದೆ, ಪ್ರತಿ ವೋಲ್ಟೇಜನ್ನೂ ಅಳೆದು ತೋರಿಸುತ್ತದೆ, ಪವರ್ ಗುಡ್ ಬರಲು ಹಿಡಿದ ಸಮಯವನ್ನು ಮಿಲಿಸೆಕೆಂಡುಗಳಲ್ಲಿ ಬರೆಯುತ್ತದೆ.

ಇದನ್ನು ಕೈಗೆ ತೆಗೆದುಕೊಳ್ಳುವ ಮೊದಲು ನೋಡಬೇಕಾದ ಸಂಗತಿಗಳಿವೆ. ಪ್ಲಗ್ಗಿನಲ್ಲಿ ವಿದ್ಯುತ್ ಇದೆಯೇ ಎಂದು ಟೇಬಲ್ ಲ್ಯಾಂಪ್ ಹಾಕಿ ನೋಡಿ. ಯುಪಿಎಸ್ ಇದ್ದರೆ ಅದನ್ನು ಬಿಟ್ಟು ನೇರವಾಗಿ ಗೋಡೆಗೆ ಕೊಡಿ. ಪವರ್ ಕೇಬಲ್ ಬದಲಿಸಿ ನೋಡಿ. ಎಸ್‌ಎಂಪಿಎಸ್‌ನ ಹಿಂಬದಿಯ ಸ್ವಿಚ್ ಆನ್ ಆಗಿರಲಿ. ಹಳೆಯವುಗಳಲ್ಲಿ 115 ಮತ್ತು 230 ಎಂದು ಬರೆದ ಕೆಂಪು ಸ್ವಿಚ್ ಒಂದಿರುತ್ತದೆ, ಅದು 230ರಲ್ಲಿಯೇ ಇರಬೇಕು. ನಮ್ಮ 230 ವೋಲ್ಟಿನ ಮೇಲೆ ಅದನ್ನು 115ಕ್ಕೆ ಸರಿಸಿ ಚಾಲೂ ಮಾಡಿದರೆ ಒಳಗಿನ ಭಾಗಗಳು ಕ್ಷಣದಲ್ಲಿ ಸಿಡಿಯುತ್ತವೆ. ಮುಂಭಾಗದ ಗುಂಡಿಯೇ ಸವೆದು ಕೆಟ್ಟಿರುವುದೂ ಹಳೆಯ ಕ್ಯಾಬಿನೆಟ್‌ಗಳಲ್ಲಿ ಸಾಮಾನ್ಯ. ಬೋರ್ಡಿನ ಮೇಲೆ ಆ ಗುಂಡಿಯ ವೈರು ಬಂದು ಸೇರುವ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರಿನ ತುದಿಯಿಂದ ಒಂದು ಕ್ಷಣ ಮುಟ್ಟಿಸಿದಾಗ ಯಂತ್ರ ಎದ್ದರೆ, ದೋಷ ಗುಂಡಿಯದೇ.

ಟೆಸ್ಟರ್ ಬಳಸುವುದು ಕಷ್ಟವಲ್ಲ. ಗೋಡೆಯ ಪ್ಲಗ್ ಕಿತ್ತು, ಬೋರ್ಡಿನಿಂದಲೂ ಡ್ರೈವ್‌ಗಳಿಂದಲೂ ಎಲ್ಲ ಕನೆಕ್ಟರ್‌ಗಳನ್ನು ಬಿಡಿಸಿ, ದೊಡ್ಡ ಕನೆಕ್ಟರನ್ನೂ ಪ್ರೊಸೆಸರಿನ ಕನೆಕ್ಟರನ್ನೂ ಟೆಸ್ಟರಿಗೆ ಸಿಕ್ಕಿಸಿದ ಮೇಲೆಯೇ ವಿದ್ಯುತ್ ಕೊಡಬೇಕು. ಪರದೆಯ ಅಂಕಿಗಳನ್ನು ಓದುವಾಗ ಈ ಮಿತಿಗಳು ನೆನಪಿರಲಿ: ಡೆಸ್ಕ್‌ಟಾಪ್ ಎಸ್‌ಎಂಪಿಎಸ್‌ಗಳು ಪಾಲಿಸುವ ಎಟಿಎಕ್ಸ್ ಮಾನದಂಡದಲ್ಲಿ ಮುಖ್ಯ ವೋಲ್ಟೇಜ್‌ಗಳಿಗೆ ಶೇಕಡಾ 5ರಷ್ಟು ಏರುಪೇರಿಗೆ ಅವಕಾಶವಿದೆ. ಅಂದರೆ 12 ವೋಲ್ಟಿನದು 11.4ರಿಂದ 12.6ರ ಒಳಗೆ, 5 ವೋಲ್ಟಿನದು ಮತ್ತು ಸ್ಟ್ಯಾಂಡ್‌ಬೈ 4.75ರಿಂದ 5.25ರ ಒಳಗೆ, 3.3 ವೋಲ್ಟಿನದು ಸುಮಾರು 3.14ರಿಂದ 3.46ರ ಒಳಗೆ ಇರಬೇಕು. ಋಣ 12 ವೋಲ್ಟಿಗೆ ಮಾತ್ರ ಶೇಕಡಾ 10ರ ಸಡಿಲಿಕೆ ಇದೆ. ಪವರ್ ಗುಡ್ ಸಮಯ 100ರಿಂದ 500 ಮಿಲಿಸೆಕೆಂಡಿನೊಳಗೆ ಬರಬೇಕು. ಅದು ಶೂನ್ಯವಾಗಿದ್ದರೆ ವೋಲ್ಟೇಜ್‌ಗಳು ಚೆನ್ನಾಗಿ ಕಂಡರೂ ಆ ಎಸ್‌ಎಂಪಿಎಸ್‌ನ ಮೇಲೆ ಭರವಸೆ ಇಡಬೇಡಿ. ಮಿತಿ ಮೀರಿದರೆ ಟೆಸ್ಟರ್ ಬೀಪ್ ಮಾಡುತ್ತದೆ, ಜೊತೆಗೆ ಆ ಅಂಕಿ ಮಿನುಗುತ್ತದೆ.

ನನಗೆ ಇದರ ಉಪಯೋಗ ಮನವರಿಕೆಯಾದದ್ದು ಒಂದು ಅಂಗಡಿಯಲ್ಲಿ ‘ಬೋರ್ಡ್ ಹೋಗಿದೆ ಸಾರ್, ಹೊಸ ಸಿಸ್ಟಮ್ ತಗೊಳ್ಳಿ’ ಎಂದು ಹೇಳಿ ಕಳುಹಿಸಿದ್ದ ಯಂತ್ರದಲ್ಲಿ. ಟೆಸ್ಟರಿಗೆ ಹಾಕಿದಾಗ 12, 5, 3.3 ಮೂರೂ ಸರಿಯಾಗಿದ್ದವು, ಸ್ಟ್ಯಾಂಡ್‌ಬೈ ಮಾತ್ರ 4.3ರ ಆಸುಪಾಸಿನಲ್ಲಿ ಮಿನುಗುತ್ತಿತ್ತು. ಗುಂಡಿ ಒತ್ತಿದ್ದನ್ನು ಗುರುತಿಸಲು ಬೋರ್ಡಿಗೆ ಬೇಕಾದ ವಿದ್ಯುತ್ತೇ ಸಾಲದಾಗಿದ್ದುದರಿಂದ ಅದು ಹಸಿರು ವೈರನ್ನು ಗ್ರೌಂಡಿಗೆ ಸೇರಿಸುತ್ತಲೇ ಇರಲಿಲ್ಲ. ಹಸಿರು ಮತ್ತು ಕಪ್ಪು ವೈರುಗಳನ್ನು ತಂತಿಯಿಂದ ಸೇರಿಸಿ, ಫ್ಯಾನ್ ತಿರುಗಿದರೆ ಎಸ್‌ಎಂಪಿಎಸ್ ಚೆನ್ನಾಗಿದೆ ಎಂದು ತೀರ್ಮಾನಿಸುವ ಪದ್ಧತಿಯಲ್ಲಿ ಈ ದೋಷ ಕಾಣುವುದೇ ಇಲ್ಲ, ಏಕೆಂದರೆ ಫ್ಯಾನ್ 12 ವೋಲ್ಟಿನಲ್ಲಿ ಚೆನ್ನಾಗಿಯೇ ತಿರುಗುತ್ತದೆ. ಬೇರೆ ಎಸ್‌ಎಂಪಿಎಸ್ ಹಾಕಿದ ಕೂಡಲೇ ಆ ಯಂತ್ರ ಚಾಲೂ ಆಯಿತು, ಈಗಲೂ ಕೆಲಸ ಮಾಡುತ್ತಿದೆ. ಸ್ಟ್ಯಾಂಡ್‌ಬೈ ಭಾಗ ಹಗಲೂ ರಾತ್ರಿ ಕೆಲಸ ಮಾಡುತ್ತಿರುವುದರಿಂದ ಅದರ ಕೆಪ್ಯಾಸಿಟರ್‌ಗಳು (ವಿದ್ಯುತ್ತನ್ನು ಹಿಡಿದಿಟ್ಟು ಸಮಗೊಳಿಸುವ, ಒಳಗೆ ದ್ರವವಿರುವ ಭಾಗಗಳು) ಬೇಗ ಒಣಗುತ್ತವೆ. ಹಳೆಯ ಡೆಸ್ಕ್‌ಟಾಪ್ ಇರುವವರು ವಿಂಡೋಸಿನಿಂದ ಶಟ್‌ಡೌನ್ ಮಾಡಿದ ಮೇಲೆ ಗೋಡೆಯ ಸ್ವಿಚ್ಚನ್ನೂ ಆರಿಸಬೇಕೆಂದು ಒತ್ತಿ ಹೇಳುವುದು ಇದಕ್ಕಾಗಿಯೇ.

ಇಷ್ಟು ಹೊಗಳಿದ ಮೇಲೆ ಅದರ ಅತಿ ದೊಡ್ಡ ಕೊರತೆಯನ್ನೂ ಹೇಳಲೇಬೇಕು. ಟೆಸ್ಟರ್ ಎಸ್‌ಎಂಪಿಎಸ್‌ನ ಮೇಲೆ ಹಾಕುವ ಹೊರೆ ಅತ್ಯಲ್ಪ. ನಿಜವಾದ ಬೋರ್ಡು, ಪ್ರೊಸೆಸರ್, ಹಾರ್ಡ್‌ಡಿಸ್ಕ್ ಎಳೆಯುವಷ್ಟು ಕರೆಂಟನ್ನು ಅದು ಎಳೆಯುವುದಿಲ್ಲ. ಆದ್ದರಿಂದ ದುರ್ಬಲವಾದ ಎಸ್‌ಎಂಪಿಎಸ್ ಇದರ ಪರೀಕ್ಷೆಯಲ್ಲಿ ಪೂರ್ಣ ಅಂಕ ಪಡೆದು, ಯಂತ್ರಕ್ಕೆ ಸೇರಿಸಿದಾಗ ಕುಸಿಯಬಹುದು. ಇನ್ನೊಂದು ಯಂತ್ರದಲ್ಲಿ ನನಗೆ ಹೀಗೆಯೇ ಆಯಿತು: ಪರದೆಯ ಎಲ್ಲ ಅಂಕಿಗಳೂ ಮಿತಿಯೊಳಗೆ ಇದ್ದವು, ಆದರೆ ಬೋರ್ಡಿಗೆ ಹಾಕಿದರೆ ಫ್ಯಾನ್ ಅರ್ಧ ಸುತ್ತು ತಿರುಗಿ ನಿಲ್ಲುತ್ತಿತ್ತು. ಈ ಲಕ್ಷಣ ಬೋರ್ಡಿನಲ್ಲಿ ಶಾರ್ಟ್ ಇದ್ದರೂ ಕಾಣುತ್ತದೆ, ಎಸ್‌ಎಂಪಿಎಸ್ ಸೋತಿದ್ದರೂ ಕಾಣುತ್ತದೆ. ಹಾರ್ಡ್‌ಡಿಸ್ಕ್, ಡಿವಿಡಿ ಡ್ರೈವ್, ಕಾರ್ಡುಗಳನ್ನೆಲ್ಲ ಬಿಡಿಸಿ ನೋಡಿದರೂ ವ್ಯತ್ಯಾಸವಾಗದಿದ್ದಾಗ, ಚೆನ್ನಾಗಿದೆಯೆಂದು ಗೊತ್ತಿರುವ ಮತ್ತೊಂದು ಎಸ್‌ಎಂಪಿಎಸ್ ಹಾಕಿ ನೋಡಿದ ಮೇಲೆಯೇ ದೋಷ ಎಲ್ಲಿದೆ ಎಂಬುದು ಖಚಿತವಾಯಿತು. ಕೆಟ್ಟದ್ದು ಎಸ್‌ಎಂಪಿಎಸ್ ಆಗಿತ್ತು. ವೋಲ್ಟೇಜಿನ ಮೇಲೆ ಕೂರುವ ಸಣ್ಣ ಅಲೆಗಳನ್ನೂ ಈ ಟೆಸ್ಟರ್ ಅಳೆಯಲಾರದು, ಅದಕ್ಕೆ ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಬೇಕು. ಹಾಗಾಗಿ ಟೆಸ್ಟರ್ ‘ಕೆಟ್ಟಿದೆ’ ಎಂದರೆ ನಂಬಿ. ‘ಚೆನ್ನಾಗಿದೆ’ ಎಂದರೆ ಅದನ್ನು ಅರ್ಧ ಮಾತ್ರ ನಂಬಿ ಮುಂದಿನ ಪರೀಕ್ಷೆಗೆ ಹೋಗಿ.

ಮುಂದಿನ ಪರೀಕ್ಷೆ ಎಂದರೆ ಬೋರ್ಡಿನದು. 2000ದ ದಶಕದ ಬೋರ್ಡುಗಳಲ್ಲಿ ಪ್ರೊಸೆಸರಿನ ಸುತ್ತಲಿನ ಕೆಪ್ಯಾಸಿಟರ್‌ಗಳು ತಲೆ ಉಬ್ಬಿಸಿಕೊಂಡಿರುವುದನ್ನೂ, ಕಂದು ಬಣ್ಣದ ದ್ರವ ಸೋರಿಸಿರುವುದನ್ನೂ ಬರಿಗಣ್ಣಿನಿಂದಲೇ ಕಾಣಬಹುದು. ಆ ಕಾಲದಲ್ಲಿ ಕಳಪೆ ಕೆಪ್ಯಾಸಿಟರ್‌ಗಳು ಜಗತ್ತಿನಾದ್ಯಂತ ಹರಡಿ ಲೆಕ್ಕವಿಲ್ಲದಷ್ಟು ಬೋರ್ಡುಗಳು ಅಕಾಲದಲ್ಲಿ ಕೆಟ್ಟವು. ಫ್ಯಾನ್ ತಿರುಗಿಯೂ ಪರದೆಯಲ್ಲಿ ಏನೂ ಬಾರದಿದ್ದರೆ ರ‍್ಯಾಮ್ ತೆಗೆದು ಅದರ ಚಿನ್ನದ ಬಣ್ಣದ ಪಟ್ಟಿಗಳನ್ನು ಮೆತ್ತನೆಯ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿ ನೋಡಬೇಕು.

ಮಲ್ಟಿಮೀಟರ್ ಇರುವಾಗ ಟೆಸ್ಟರ್ ಏಕೆ ಎಂಬ ಪ್ರಶ್ನೆ ನ್ಯಾಯವಾದದ್ದು. ಡಿಜಿಟಲ್ ಮಲ್ಟಿಮೀಟರಿನ ಕಡ್ಡಿಯನ್ನು ಕನೆಕ್ಟರಿನ ಹಿಂಬದಿಯಿಂದ ತೂರಿಸಿ, ಯಂತ್ರಕ್ಕೆ ಜೋಡಿಸಿದ ಸ್ಥಿತಿಯಲ್ಲಿಯೇ, ನಿಜವಾದ ಹೊರೆಯ ಕೆಳಗೆ ಅಳೆಯಬಹುದು. ಆ ದೃಷ್ಟಿಯಿಂದ ಅದು ಟೆಸ್ಟರಿಗಿಂತ ಮೇಲು. ಆದರೆ ಕಡ್ಡಿ ಜಾರಿ ಪಕ್ಕದ ಪಿನ್ನಿಗೆ ತಾಗುವ ಭಯ ಅದರಲ್ಲಿದೆ, ಪವರ್ ಗುಡ್ ಸಮಯವನ್ನು ಅದು ತೋರಿಸದು, ಎಲ್ಲ ವೋಲ್ಟೇಜ್‌ಗಳನ್ನು ಒಟ್ಟಿಗೆ ನೋಡಲೂ ಆಗದು. ಮನೆಯಲ್ಲಿ ಒಂದೇ ಕಂಪ್ಯೂಟರ್ ಇರುವವರು ಮಲ್ಟಿಮೀಟರನ್ನೇ ಕೊಳ್ಳಲಿ, ಅದು ಬೇರೆ ಹತ್ತು ಕೆಲಸಕ್ಕೂ ಬರುತ್ತದೆ. ಶಾಲೆಯ ಕಂಪ್ಯೂಟರ್ ಕೊಠಡಿ, ಗ್ರಂಥಾಲಯ, ಡಿಟಿಪಿ ಕೇಂದ್ರ ಇಂಥಲ್ಲಿ ಹಲವು ಹಳೆಯ ಯಂತ್ರಗಳನ್ನು ನೋಡಿಕೊಳ್ಳುವವರಿಗೆ ಟೆಸ್ಟರ್ ಉಳಿಸಿಕೊಡುವ ಸಮಯ ದೊಡ್ಡದು.

ಇದರ ತಯಾರಿಕೆಯಲ್ಲಿ ಕೆಲವು ದೋಷಗಳಿವೆ. ಸಾಟಾ ಕನೆಕ್ಟರಿನ ಜಾಗ ಸಡಿಲವಾಗಿದ್ದು, ಕೈಯಿಂದ ಒತ್ತಿ ಹಿಡಿಯದಿದ್ದರೆ ಸರಿಯಾದ ವೋಲ್ಟೇಜನ್ನೂ ಇಲ್ಲವೆಂದು ತೋರಿಸುತ್ತದೆ. ಜೊತೆಗೆ ಕೊಟ್ಟ ಹಾಳೆಯಲ್ಲಿ ಅಕ್ಷರ ತೀರಾ ಸಣ್ಣದು, ಮಿತಿಗಳ ಪಟ್ಟಿಯೂ ಅಪೂರ್ಣ. ಋಣ 5 ವೋಲ್ಟ್ ಹಳೆಯ ಕೆಲವು ಎಸ್‌ಎಂಪಿಎಸ್‌ಗಳಲ್ಲಿ ಮಾತ್ರ ಇರುತ್ತದೆ, ನಂತರದವುಗಳಲ್ಲಿ ಇಲ್ಲದಿದ್ದರೆ ಅದು ದೋಷವಲ್ಲ ಎಂಬ ಮುಖ್ಯ ಮಾತನ್ನು ಅದರಲ್ಲಿ ಎಲ್ಲಿಯೂ ಬರೆದಿಲ್ಲ. ಕಂಪನಿಗಳ ಸಿದ್ಧ ಡೆಸ್ಕ್‌ಟಾಪ್‌ಗಳ ಬಗ್ಗೆಯೂ ಎಚ್ಚರಿಕೆ ಇರಬೇಕಿತ್ತು. 1990ರ ದಶಕದ ಕೊನೆಯ ಕೆಲವು ಡೆಲ್ ಯಂತ್ರಗಳಲ್ಲಿ ಕನೆಕ್ಟರ್ ಎಟಿಎಕ್ಸ್‌ನಂತೆಯೇ ಕಂಡರೂ ವೈರುಗಳ ಜಾಗ ಬೇರೆ. ಇತ್ತೀಚಿನ ಹಲವು ಸಿದ್ಧ ಡೆಸ್ಕ್‌ಟಾಪ್‌ಗಳಲ್ಲಿ ಕನೆಕ್ಟರೇ ಬೇರೆ ಗಾತ್ರದ್ದು. ಇಂಥವನ್ನು ಈ ಟೆಸ್ಟರಿಗೆ ಬಲವಂತವಾಗಿ ಸಿಕ್ಕಿಸಬಾರದು.

ಟೆಸ್ಟರ್ ದೋಷ ತೋರಿಸಿತೆಂದು ಎಸ್‌ಎಂಪಿಎಸ್‌ನ ಡಬ್ಬಿಯನ್ನು ಬಿಚ್ಚಲು ಹೋಗಬೇಡಿ. ಒಳಗಿನ ದೊಡ್ಡ ಕೆಪ್ಯಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚಿನ ವಿದ್ಯುತ್ ಪ್ಲಗ್ ಕಿತ್ತ ನಂತರವೂ ಉಳಿದಿರಬಹುದು, ಅದು ಪ್ರಾಣಾಪಾಯದ ಮಟ್ಟದ್ದು. ಕ್ಯಾಬಿನೆಟ್ ಕೊಳ್ಳುವಾಗ ಜೊತೆಗೇ ಬರುವ, ಲೇಬಲ್ಲಿನಲ್ಲಿ 450 ವ್ಯಾಟ್ ಎಂದು ಬರೆದು ಕೈಯಲ್ಲಿ ಹಗುರವಾಗಿರುವ ಎಸ್‌ಎಂಪಿಎಸ್‌ಗಳಿಗೆ ಬದಲಾಗಿ, ಸ್ವಲ್ಪ ಹೆಚ್ಚು ಕೊಟ್ಟು ವಿದ್ಯುತ್ತನ್ನು ಹೆಚ್ಚು ಪೋಲು ಮಾಡುವುದಿಲ್ಲವೆಂದು ಸೂಚಿಸುವ 80 ಪ್ಲಸ್ ಪ್ರಮಾಣಪತ್ರ ಇರುವುದನ್ನು ಹಾಕಿಸಿಕೊಳ್ಳುವುದು ಹಳೆಯ ಬೋರ್ಡಿನ ಆಯಸ್ಸಿಗೆ ಒಳ್ಳೆಯದು.

ಇಂಥ ಟೆಸ್ಟರ್‌ಗಳು ಬೆಂಗಳೂರಿನ ಎಸ್‌.ಪಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿಯೂ ಆನ್‌ಲೈನಿನಲ್ಲಿಯೂ ಸಿಗುತ್ತವೆ. ಬರಿಯ ಬಣ್ಣದ ದೀಪಗಳಿರುವ ಅಗ್ಗದ ಮಾದರಿ ವೋಲ್ಟೇಜ್ ಇದೆ ಅಥವಾ ಇಲ್ಲ ಎಂದಷ್ಟೇ ತಿಳಿಸುತ್ತದೆ; ಮೇಲೆ ಹೇಳಿದ ಸ್ಟ್ಯಾಂಡ್‌ಬೈ ದೋಷದಂಥದ್ದು ಅದರಲ್ಲಿ ಸಿಕ್ಕದೆ ಹೋಗಬಹುದು, ಆದ್ದರಿಂದ ಅಂಕಿಗಳನ್ನು ತೋರಿಸುವ ಪರದೆ ಇರುವುದನ್ನೇ ಕೇಳಿ. ಅಂಗಡಿಯಲ್ಲಿ ಕೊಳ್ಳುವುದಾದರೆ, ಹಣ ಕೊಡುವ ಮೊದಲು ಅಲ್ಲಿಯ ಹೊಸ ಎಸ್‌ಎಂಪಿಎಸ್ ಒಂದಕ್ಕೆ ಹಾಕಿಸಿ, ಪ್ರತಿ ಕನೆಕ್ಟರನ್ನೂ ಸಿಕ್ಕಿಸಿ, ಮಲ್ಟಿಮೀಟರಿನ ಅಂಕಿಯೊಂದಿಗೆ ಹೋಲಿಸಿ ನೋಡಿ ತನ್ನಿ.