ಹಳೆಯ ಬೈಕು: ಮಜೂರಿಗೆ ದುರಸ್ತಿಯೋ, ಕೊಂಡು ಮಾರಾಟವೋ?

ಮಂಗಳೂರಿನಲ್ಲಿ ಹಳೆಯ ಬೈಕುಗಳನ್ನು ಸರಿಪಡಿಸುವ ಹವ್ಯಾಸವನ್ನು ಉದ್ಯಮವಾಗಿಸಲು ಹೊರಟವರು ಗಿರಾಕಿಯ ಗಾಡಿಯನ್ನು ಮಜೂರಿಗೆ ಸಿದ್ಧಪಡಿಸಿಕೊಡಬಹುದು, ಇಲ್ಲವೇ ತಾವೇ ಕೊಂಡು ಮಾರಬಹುದು. ಮೊದಲನೆಯದರಲ್ಲಿ ಲಾಭ ಕಡಿಮೆ. ಆದರೆ ಗಿರಾಕಿಯ ಮುಂಗಡದಿಂದಲೇ ಬಿಡಿಭಾಗ ತರಬಹುದು. ಎರಡನೆಯದರಲ್ಲಿ, 1996ರಲ್ಲಿ ಮುಚ್ಚಿದ ಮೈಸೂರಿನ ಕಾರ್ಖಾನೆಯ ಯೆಜ್ಡಿಯಂಥ ಗಾಡಿಗೆ ಮೂಲ ಬಿಡಿಭಾಗ ಹುಡುಕುವಷ್ಟರಲ್ಲಿ ಬಂಡವಾಳ ತಿಂಗಳುಗಟ್ಟಲೆ ಸಿಲುಕುತ್ತದೆ, ಅಷ್ಟರೊಳಗೆ ನಮ್ಮ ಕಡಲ ಉಪ್ಪುಗಾಳಿಗೂ ಮಳೆಗಾಲದ ತೇವಕ್ಕೂ ಬರಿಗಬ್ಬಿಣದ ಭಾಗಗಳು ಮತ್ತೆ ತುಕ್ಕು ಹಿಡಿಯುತ್ತವೆ. ಇಂಜಿನ್ ಮತ್ತು ಚಾಸಿಸ್ ಸಂಖ್ಯೆಗಳು ಆರ್‌ಸಿಯೊಂದಿಗೆ ಹೊಂದದ ಗಾಡಿಯನ್ನು ಎಷ್ಟೇ ಅಗ್ಗವಾದರೂ ಕೊಳ್ಳಲೇಬಾರದು. 50 ವರ್ಷ ದಾಟಿದ ಗಾಡಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಮಾಡಿಸಿದರೆ ಅದನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ ಎಂಬುದನ್ನು ಕೊಳ್ಳುವವರಿಗೆ ಮೊದಲೇ ತಿಳಿಸಬೇಕು. ನೌಕರಿ ಬಿಡದೆ ಆರಂಭಿಸುವವರಿಗೆ ಮಜೂರಿಯ ದಾರಿಯೇ ಸೂಕ್ತವೆಂದು ನಾನು ದೃಢವಾಗಿ ನಂಬುತ್ತೇನೆ.