ಸೊಲಾರಿಸ್, ಎಐಎಕ್ಸ್, ಎಚ್‌ಪಿ-ಯುಎಕ್ಸ್: ಬೈನರಿಯ ಜಾತಕ ಎಲ್ಲಿ ಸಲೀಸಾಗಿ ಸಿಗುತ್ತದೆ?

ಕೈಗೆ ಒಂದು ಬೈನರಿ (ಕಂಪೈಲ್ ಆದ ಪ್ರೋಗ್ರಾಂ ಫೈಲ್) ಸಿಕ್ಕಿದೆ. ಅದು ಎಲ್ಲಿಂದ ಬಂತು, ಈ ಮಷೀನ್ ಮೇಲೆ ಓಡುತ್ತದಾ? ಬೇರೆ ಟೂಲ್‌ಗೆ ದುಡ್ಡು ಹಾಕದೆ, ಓಎಸ್ ಜೊತೆಗೇ ಬಂದ ಕಮಾಂಡ್‌ಗಳಿಂದ ಉತ್ತರ ಬೇಕು ಅಂದರೆ ಸೊಲಾರಿಸ್, ಎಐಎಕ್ಸ್, ಎಚ್‌ಪಿ-ಯುಎಕ್ಸ್ ಎಂಬ ಮೂರು ಯುನಿಕ್ಸ್ ಓಎಸ್‌ಗಳಲ್ಲಿ ನನ್ನ ವೋಟು ಸೊಲಾರಿಸ್ 10ಕ್ಕೆ.

ಮುಖ್ಯ ಕಾರಣ ‘ಪಿವಿಎಸ್’ ಕಮಾಂಡ್. ‘ಪಿವಿಎಸ್ -ಆರ್’ ಕೊಟ್ಟರೆ ಬೈನರಿಗೆ ಯಾವ ಲೈಬ್ರರಿ (ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡ್ ಫೈಲ್) ಬೇಕು ಅನ್ನುವುದರ ಜೊತೆಗೆ ಅದರ ಯಾವ ವರ್ಶನ್ ಬೇಕು ಅನ್ನುವುದೂ ಗೊತ್ತಾಗುತ್ತದೆ. ಓಡಿಸಬೇಕಾದ ಮಷೀನ್‌ನ ಲೈಬ್ರರಿಗೆ ‘ಪಿವಿಎಸ್ -ಡಿ’ ಹಾಕಿ, ಅದರಲ್ಲಿರುವ ವರ್ಶನ್‌ಗಳ ಜೊತೆ ತಾಳೆ ನೋಡಿದರೆ ಆಯಿತು. ಬೇಡಿಕೆಯಲ್ಲಿ ‘ಪ್ರೈವೇಟ್’ ಅಂತ ಇರುವ ಹೆಸರು ಕಂಡರೆ ಎಚ್ಚರ. ಅದು ಓಎಸ್‌ನ ಒಳಬಳಕೆಯ ಇಂಟರ್‌ಫೇಸ್, ಮುಂದಿನ ರಿಲೀಸ್‌ನಲ್ಲಿ ಇರುತ್ತದೆಂಬ ಖಾತ್ರಿ ಇಲ್ಲ. ‘ಆಪ್‌ಸರ್ಟ್’ ಇಡೀ ಡೈರೆಕ್ಟರಿಗೆ ಈ ತಪಾಸಣೆ ಮಾಡುತ್ತದೆ.

ಮೂಲ ಹುಡುಕಲು ‘ಪಿಕೆಜಿಸಿಎಚ್‌ಕೆ -ಎಲ್ -ಪಿ’. ಪಾತ್ ಮಾತ್ರ ಸರಿಯಾಗಿರಬೇಕು: /ಬಿನ್/ಎಲ್‌ಎಸ್ ಅಂದರೆ ಏನೂ ಬರುವುದಿಲ್ಲ, ಯಾಕೆಂದರೆ /ಬಿನ್ ಬರೀ ಸಿಂಬಾಲಿಕ್ ಲಿಂಕ್ (ಬೇರೆ ಡೈರೆಕ್ಟರಿಯನ್ನು ತೋರಿಸುವ ಕೊಂಡಿ). /ಯುಎಸ್‌ಆರ್/ಬಿನ್/ಎಲ್‌ಎಸ್ ಅನ್ನಿ, ಆ ಫೈಲ್ ತಂದ ಪ್ಯಾಕೇಜ್ ಹೆಸರು ಬರುತ್ತದೆ. ಹೆಸರಷ್ಟೇ ಸಾಲದು ಅಂದರೆ ‘ಎಲ್ಫ್‌ಸೈನ್ ವೆರಿಫೈ -ಇ’ ಓಎಸ್ ಬೈನರಿಯ ಸಹಿಯನ್ನೂ ಪರೀಕ್ಷಿಸುತ್ತದೆ.

ಎಐಎಕ್ಸ್‌ನಲ್ಲಿ ‘ಎಲ್‌ಎಸ್‌ಎಲ್‌ಪಿಪಿ -ಡಬ್ಲ್ಯು’ ಫೈಲ್‌ಸೆಟ್ (ಅಲ್ಲಿನ ಪ್ಯಾಕೇಜ್ ಘಟಕ) ಹೆಸರು ಹೇಳುತ್ತದೆ. /ಆಪ್ಟ್/ಫ್ರೀವೇರ್ (ಓಪನ್ ಸೋರ್ಸ್ ಪ್ಯಾಕೇಜ್‌ಗಳ ಜಾಗ) ಒಳಗಿನದ್ದಕ್ಕೆ ‘ಆರ್‌ಪಿಎಂ -ಕ್ಯೂಎಫ್’ ಬೇಕು. ಅಲ್ಲಿವರೆಗೆ ಚೆನ್ನ.

ತಲೆನೋವು ಲೈಬ್ರರಿಗಳಲ್ಲಿದೆ. ಇಲ್ಲಿ ಶೇರ್ಡ್ ಲೈಬ್ರರಿ ಸಾಮಾನ್ಯವಾಗಿ ‘.ಎ’ ಆರ್ಕೈವ್ (ಹಲವು ಫೈಲ್‌ಗಳ ಕಟ್ಟು) ಒಳಗಿನ ಒಂದು ಮೆಂಬರ್. ಫೈಲ್ ಇದ್ದರೂ ಒಳಗೆ ಬೇಕಾದ ಮೆಂಬರ್ ಇಲ್ಲದಿದ್ದರೆ 0509-152 ಎರರ್ ಬರುತ್ತದೆ. ಹೆಸರಾದ ಉದಾಹರಣೆ ‘ಲಿಬ್‌ಐಕಾನ್ವ್.ಎ’. ಯಾರಾದರೂ ಲೈಬ್ರರಿ ಎಲ್ಲಿ ಹುಡುಕಬೇಕು ಅನ್ನುವ ‘ಲಿಬ್‌ಪಾತ್’ ವೇರಿಯಬಲ್‌ನಲ್ಲಿ /ಆಪ್ಟ್/ಫ್ರೀವೇರ್/ಲಿಬ್ ಅನ್ನು ಮುಂದೆ ಹಾಕಿದರೆ, ಓಎಸ್ ಕಮಾಂಡ್‌ಗಳಿಗೂ ಅಲ್ಲಿನ ಪ್ರತಿಯೇ ಸಿಗುತ್ತದೆ. ಅದರಲ್ಲಿ ಅವು ಕೇಳುವ ‘ಎಸ್‌ಎಚ್‌ಆರ್4.ಓ’ ಇಲ್ಲದಿದ್ದರೆ ನಿನ್ನೆವರೆಗೆ ಓಡುತ್ತಿದ್ದ ಕಮಾಂಡ್ ಇವತ್ತು ಬೀಳುತ್ತದೆ. ಆ ವೇರಿಯಬಲ್ ಅನ್ನು ಪ್ರೊಫೈಲ್‌ನಿಂದ ತೆಗೆದು, ಬೇಕಾದ ಪ್ರೋಗ್ರಾಂನ ಸ್ಕ್ರಿಪ್ಟ್‌ನಲ್ಲಷ್ಟೇ ಇಡಿ.

ಪತ್ತೆಗೆ ‘ಡಂಪ್ -ಎಚ್’ ಹಾಕಿ: ಸೊನ್ನೆಯ ಸಾಲಿನಲ್ಲಿ ಹುಡುಕುವ ಪಾತ್, ಕೆಳಗೆ ಲೈಬ್ರರಿ ಮತ್ತು ಮೆಂಬರ್. ಆದರೆ ಡಂಪ್, ಆರ್ಕೈವ್ ನೋಡುವ ಎಆರ್, ಸಿಂಬಲ್‌ಗಳನ್ನು ನೋಡುವ ಎನ್‌ಎಂ ಮೂರೂ ತಾವಾಗಿ 32 ಬಿಟ್ ಮಾತ್ರ ನೋಡುತ್ತವೆ. ‘-ಎಕ್ಸ್32_64’ ಮರೆತರೆ ಆರ್ಕೈವ್‌ನಲ್ಲಿ ಇರುವ 64 ಬಿಟ್ ಮೆಂಬರ್ ಇಲ್ಲವೇ ಇಲ್ಲ ಅಂತ ಕಾಣುತ್ತದೆ. ಬೇರೆಯವರ ಮಷೀನ್‌ಗೆ ಲಾಗಿನ್ ಆಗಿ ಬೇಗ ನೋಡಿ ಹೊರಡುವ ನನ್ನಂಥವರಿಗೆ ಇದು ದೊಡ್ಡ ತೊಡಕು.

ಎಚ್‌ಪಿ-ಯುಎಕ್ಸ್‌ನಲ್ಲಿ ‘ಎಸ್‌ಡಬ್ಲ್ಯುಲಿಸ್ಟ್ -ಎಲ್ ಫೈಲ್’ ಪೂರ್ತಿ ಪಟ್ಟಿಯನ್ನೇ ಸುರಿಯುತ್ತದೆ, ಗ್ರೆಪ್ ಮಾಡಿ (ಬೇಕಾದ ಸಾಲು ಸೋಸಿ) ಕಾಯಬೇಕು. ‘ವಾಟ್’ ಕಮಾಂಡ್ ಮಾತ್ರ ಚಿನ್ನ, ಲೈಬ್ರರಿಯ ಪ್ಯಾಚ್ ನಂಬರ್‌ವರೆಗೂ ತೋರಿಸಬಲ್ಲದು. ಪಿಎ-ರಿಸ್ಕ್ (ಎಚ್‌ಪಿಯ ಹಳೆಯ ಪ್ರೊಸೆಸರ್) ಬೈನರಿ ನಂತರದ ಇಟಾನಿಯಂ ಪ್ರೊಸೆಸರ್ ಮೇಲೆ ‘ಏರೀಸ್’ ಎಮ್ಯುಲೇಟರ್ ಮೂಲಕ ಓಡುತ್ತದೆ, ಆದರೆ ಅದಕ್ಕೆ ಪಿಎ-ರಿಸ್ಕ್ ಲೈಬ್ರರಿಗಳೇ ಬೇಕು.

ಮೂಲ ಗೊತ್ತಿಲ್ಲದ ಫೈಲ್‌ಗೆ ರೂಟ್ ಆಗಿ ‘ಎಲ್‌ಡಿಡಿ’ (ಬೇಕಾದ ಲೈಬ್ರರಿಗಳ ಪಟ್ಟಿ ಕೊಡುವ ಕಮಾಂಡ್) ಹಾಕಬೇಡಿ, ಒಳಗಿನ ಕೋಡ್ ಓಡುವ ಅಪಾಯವಿದೆ. ಬದಲಿಗೆ ಸೊಲಾರಿಸ್‌ನಲ್ಲಿ ‘ಎಲ್ಫ್‌ಡಂಪ್ -ಡಿ’, ಎಚ್‌ಪಿಯಲ್ಲಿ ಆಪ್ಶನ್ ಇಲ್ಲದ ‘ಸಿಎಚ್‌ಎಟಿಆರ್’, ಎಐಎಕ್ಸ್‌ನಲ್ಲಿ ಅದೇ ಡಂಪ್: ಇವು ಫೈಲ್ ಓದುತ್ತವೆ ಅಷ್ಟೆ.